ಚೀಲಕ್ಕೆ ಕೊಡುವ ಹತ್ತು ರೂಪಾಯಿ ಯಾರ ಪಾಲಿಗೆ?

ಜಯನಗರದ ಗ್ರಾಹಕಿ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ದೊಡ್ಡ ಮಳಿಗೆಗಳಲ್ಲಿ ಸಾಮಾನೆಲ್ಲ ಬಿಲ್ ಆಗಿ ಮೊತ್ತ ಬಂದ ಮೇಲೆ "ಕ್ಯಾರಿ ಬ್ಯಾಗ್ ಬೇಕಾ ಮೇಡಂ?" ಎಂದು ಕೇಳುವುದು ಈಗ ವಾಡಿಕೆಯಾಗಿದೆ. ಬೇಡವೆಂದರೆ ಬೇಳೆ, ಸೋಪು, ಎಣ್ಣೆ ಪ್ಯಾಕೆಟ್ಟುಗಳನ್ನು ಎದೆಗವಚಿಕೊಂಡು ಹೊರಡಬೇಕು. ಬೇಕೆಂದರೆ 10, 15, ಕೆಲವು ಕಡೆ 20 ರೂಪಾಯಿ ಬಿಲ್ಲಿಗೆ ಸೇರುತ್ತದೆ. ಹಣ ಕೊಟ್ಟು ಪಡೆದ ಆ ಚೀಲದ ಎರಡೂ ಬದಿಗೆ ಅಂಗಡಿಯ ಹೆಸರು ದಪ್ಪಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಅಂದರೆ ಅವರ ಜಾಹೀರಾತನ್ನು ನಾವು ದುಡ್ಡು ಕೊಟ್ಟು ಬೀದಿಯುದ್ದಕ್ಕೂ ಹೊತ್ತು ತಿರುಗಬೇಕು.

ಪ್ಲಾಸ್ಟಿಕ್ ಕಡಿಮೆಯಾಗಲಿ ಎಂಬ ಉದ್ದೇಶಕ್ಕೆ ನನ್ನ ತಕರಾರಿಲ್ಲ. ನನ್ನ ಪ್ರಶ್ನೆ ಇಷ್ಟೇ: ಹೀಗೆ ಹಣ ಪಡೆಯಬೇಕೆಂದು ಯಾವುದಾದರೂ ನಿಯಮವಿದೆಯೇ? ಇದ್ದರೆ ಆ ಹಣ ಪರಿಸರದ ಕೆಲಸಕ್ಕೆ ಹೋಗುತ್ತದೆಯೋ, ಅಂಗಡಿಯ ಗಲ್ಲಾಪೆಟ್ಟಿಗೆಗೋ? ನೀವೆಲ್ಲ ಇದಕ್ಕೆ ಹೇಗೆ ಹೊಂದಿಕೊಂಡಿದ್ದೀರಿ?

ಮಂಡ್ಯದ ಮೇಷ್ಟ್ರು
ಮನೆಯಿಂದಲೇ ಒಂದು ಕೈಚೀಲ ಹಿಡಿದು ಹೊರಟರೆ ಈ ಪ್ರಶ್ನೆ ಹುಟ್ಟುವುದೇ ಇಲ್ಲವಲ್ಲ, ತಾಯಿ.

ಜಯನಗರದ ಗ್ರಾಹಕಿ
ಮೇಷ್ಟ್ರೇ, ನೀವು ಹೇಳಿದಷ್ಟು ಅದು ಸುಲಭವಲ್ಲ. ಕೈಚೀಲ ಹಿಡಿದು ಹೋದರೆ ಬಾಗಿಲಲ್ಲೇ ಕಾವಲಿನವರು ತಡೆದು, ಅದನ್ನು ಅಲ್ಲಿನ ಕಪಾಟಿನಲ್ಲಿ ಇಟ್ಟು ಟೋಕನ್ ಪಡೆಯಿರಿ ಎನ್ನುತ್ತಾರೆ. ಬಿಲ್ ಕಟ್ಟುವ ಜಾಗದಲ್ಲಿ ನನ್ನ ಚೀಲ ನನ್ನ ಕೈಯಲ್ಲಿರುವುದಿಲ್ಲ. ಸ್ವಂತ ಚೀಲವನ್ನು ಒಳಗೆ ಬಿಡದೆ, ಒಳಗೆ ಚೀಲವಿಲ್ಲವೆಂದು ಹಣ ಕೇಳುವುದು ಯಾವ ನ್ಯಾಯ?

ವಕೀಲ, ತುಮಕೂರು
ಗ್ರಾಹಕಿಯವರ ಮೊದಲ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಹಳೆಯ ನಿಯಮಗಳನ್ನೂ ಹೊಸ ನಿಯಮಗಳನ್ನೂ ಬೆರೆಸಿ ಮಾತನಾಡುವವರೇ ಹೆಚ್ಚು.

2011ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು, ಚಿಲ್ಲರೆ ವ್ಯಾಪಾರಿಗಳು ಕ್ಯಾರಿ ಬ್ಯಾಗನ್ನು ಉಚಿತವಾಗಿ ಕೊಡಬಾರದು ಎಂದು ಹೇಳಿದವು. ದೊಡ್ಡ ಮಳಿಗೆಗಳು ಹಣ ಕೇಳಲು ಆರಂಭಿಸಿದ್ದು ಈ ಆಧಾರದ ಮೇಲೆ. 2016ರ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ಲಾಸ್ಟಿಕ್ ಚೀಲ ಕೊಡಬಯಸುವ ಅಂಗಡಿಯವರು ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡು ತಿಂಗಳಿಗೆ 4,000 ರೂಪಾಯಿಯಂತೆ ವರ್ಷಕ್ಕೆ ಕನಿಷ್ಠ 48,000 ರೂಪಾಯಿ ಶುಲ್ಕ ಕಟ್ಟಬೇಕು ಮತ್ತು ಚೀಲಕ್ಕೆ ಹಣವಿದೆ ಎಂಬ ಫಲಕ ಹಾಕಬೇಕು ಎಂದವು. ಆ ನಿಯಮದ ಸಂಖ್ಯೆ 15. 2018ರ ಮಾರ್ಚ್ ತಿದ್ದುಪಡಿಯಲ್ಲಿ ಅದನ್ನು ಕೈಬಿಡಲಾಯಿತು. ಹೀಗಾಗಿ ಇಂದು "ಸರ್ಕಾರವೇ ಹಣ ತೆಗೆದುಕೊಳ್ಳಲು ಹೇಳಿದೆ" ಎಂದು ಯಾರಾದರೂ ಹೇಳಿದರೆ, ಯಾವ ನಿಯಮ ಎಂದು ಮರುಪ್ರಶ್ನೆ ಹಾಕಿ.

ಕರ್ನಾಟಕದ ಸ್ಥಿತಿ ಇದಕ್ಕಿಂತಲೂ ವಿಚಿತ್ರ. 2016ರ ಮಾರ್ಚ್ 11ರ ಅಧಿಸೂಚನೆಯಂತೆ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕ್ಯಾರಿ ಬ್ಯಾಗಿನ ತಯಾರಿಕೆ, ಮಾರಾಟ, ಬಳಕೆ ಮೂರೂ ನಿಷಿದ್ಧ, ಅದು ಎಷ್ಟೇ ದಪ್ಪವಿರಲಿ. ಹಣ ಪಡೆದು ಪ್ಲಾಸ್ಟಿಕ್ ಚೀಲ ಕೊಡುವ ಪ್ರಶ್ನೆಯೇ ಇಲ್ಲಿಲ್ಲ. ಅದನ್ನು ಕೊಡುವಂತೆಯೇ ಇಲ್ಲ. ಮಳಿಗೆಗಳು ಹಣ ಪಡೆಯುತ್ತಿರುವುದು ಕಾಗದದ, ಬಟ್ಟೆಯ ಅಥವಾ ಬಟ್ಟೆಯಂತೆ ಕಾಣುವ ಚೀಲಗಳಿಗೆ. ಅಲ್ಲಿ ಪರಿಸರ ನಿಯಮಕ್ಕಿಂತ ಗ್ರಾಹಕ ಕಾಯ್ದೆಯೇ ಮುಖ್ಯವಾಗುತ್ತದೆ.

ಕಿರಾಣಿ ಅಂಗಡಿ, ಹಾಸನ
ವಕೀಲರೇ, ನಿಷೇಧ ಕಾಗದದ ಮೇಲಿದೆ. ಸಂತೆಗೆ ಬಂದು ನೋಡಿ, ಸೊಪ್ಪಿನಿಂದ ಹಿಡಿದು ಮೀನಿನವರೆಗೆ ಎಲ್ಲವೂ ತೆಳು ಕವರಿನಲ್ಲೇ ಹೋಗುತ್ತದೆ.

ನಾನು ಚಿಲ್ಲರೆ ವ್ಯಾಪಾರಿಯಾದ್ದರಿಂದ ನಮ್ಮ ಕಡೆಯ ಮಾತನ್ನೂ ಹೇಳುತ್ತೇನೆ. ಆ ತೆಳು ಕವರು ನಮಗೆ ಪೈಸೆಗಳ ಲೆಕ್ಕದಲ್ಲಿ ಸಿಗುತ್ತಿತ್ತು. ಕಾಗದದ ಗಟ್ಟಿ ಚೀಲಕ್ಕೆ ರೂಪಾಯಿಗಳ ಲೆಕ್ಕ. ಅರ್ಧ ಕಿಲೋ ಸಕ್ಕರೆ ಮಾರಿ ಉಳಿಯುವುದೆಷ್ಟು, ಅದರಲ್ಲಿ ಚೀಲಕ್ಕೆ ಕೊಡುವುದೆಷ್ಟು? ಹಾಗೆಂದು ಗಿರಾಕಿಯ ಹತ್ತಿರ ಐದು ರೂಪಾಯಿ ಕೇಳಿದರೆ, "ಏನ್ರೀ, ಇಷ್ಟು ವರ್ಷದ ವ್ಯಾಪಾರದಲ್ಲಿ ಒಂದು ಕವರಿಗೂ ದುಡ್ಡಾ?" ಎಂದು ಮುಖ ತಿರುಗಿಸಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಅದೇ ಗಿರಾಕಿ ದೊಡ್ಡ ಮಳಿಗೆಯಲ್ಲಿ ಇಪ್ಪತ್ತು ರೂಪಾಯಿಯನ್ನು ಸದ್ದಿಲ್ಲದೆ ಕೊಟ್ಟು ಬರುತ್ತಾರೆ. ಪುರಸಭೆಯವರು ತಪಾಸಣೆಗೆ ಬಂದಾಗ ದಂಡ ಬೀಳುವುದು ನಮಗೆ. ಕವರು ತಯಾರಿಸಿ ರಾತ್ರಿ ತಂದು ಹಾಕುವವರ ಬಾಗಿಲಿಗೆ ಹೋದವರನ್ನು ನಾನಂತೂ ಕಂಡಿಲ್ಲ.

ಮಂಡ್ಯದ ಮೇಷ್ಟ್ರು
ಇದು ಒಪ್ಪತಕ್ಕ ಮಾತು. ನಾವು ಚೌಕಾಸಿ ಮಾಡುವುದು ಚೌಕಾಸಿಗೆ ಬಗ್ಗುವವರ ಹತ್ತಿರ ಮಾತ್ರ.

ರೆಡಿಂಗ್ ಕನ್ನಡಿಗ, ಇಂಗ್ಲೆಂಡ್
ಇಲ್ಲಿನ ಅನುಭವ ನಿಮ್ಮ ಚರ್ಚೆಗೆ ಉಪಯೋಗವಾಗಬಹುದು. ಇಂಗ್ಲೆಂಡಿನಲ್ಲಿ 2015ರ ಅಕ್ಟೋಬರ್ 5ರಿಂದ ದೊಡ್ಡ ಅಂಗಡಿಗಳು ಒಮ್ಮೆ ಬಳಸುವ ಪ್ಲಾಸ್ಟಿಕ್ ಚೀಲಕ್ಕೆ 5 ಪೆನ್ಸ್ ಪಡೆಯಬೇಕೆಂದು ಕಾನೂನಾಯಿತು. 2021ರ ಮೇ ತಿಂಗಳಿನಿಂದ ಅದು 10 ಪೆನ್ಸ್ ಆಗಿ, ಸಣ್ಣ ಅಂಗಡಿಗಳಿಗೂ ಅನ್ವಯವಾಯಿತು. ಅದಕ್ಕೆ ಮೊದಲು, 2014ರಲ್ಲಿ, ಏಳು ದೊಡ್ಡ ಸೂಪರ್‌ಮಾರ್ಕೆಟ್ ಕಂಪನಿಗಳೇ 760 ಕೋಟಿ ಚೀಲಗಳನ್ನು ಹಂಚಿದ್ದವು, ಎಂದರೆ ತಲೆಗೆ ಸುಮಾರು 140. ಕೆಲವೇ ವರ್ಷಗಳಲ್ಲಿ ಅದು ತಲೆಗೆ ಹತ್ತಕ್ಕಿಂತ ಕೆಳಗಿಳಿಯಿತು.

ಕಾನೂನು ಬಂದ ಹೊಸದರಲ್ಲಿ ಇಲ್ಲಿನ ಪತ್ರಿಕೆಗಳು ಗೊಂದಲವೋ ಗೊಂದಲ ಎಂದು ಬರೆದವು. ಹಸಿ ಮೀನು, ಮಾಂಸಕ್ಕೆ ವಿನಾಯಿತಿ. ವೈದ್ಯರು ಬರೆದುಕೊಟ್ಟ ಔಷಧಿಗೆ ವಿನಾಯಿತಿ. ನೀರಿನಲ್ಲಿರುವ ಜೀವಂತ ಬಣ್ಣದ ಮೀನಿಗೂ ವಿನಾಯಿತಿ. ಅದೇ ಚೀಲಕ್ಕೆ ಒಂದು ಬಿಸ್ಕತ್ತಿನ ಪೊಟ್ಟಣ ಸೇರಿದರೆ ಶುಲ್ಕ! ಜನ ತಮಾಷೆ ಮಾಡಿದರು, ಗೊಣಗಿದರು, ಕೊನೆಗೆ ಕಾರಿನ ಡಿಕ್ಕಿಯಲ್ಲಿ ಚೀಲಗಳನ್ನು ಇಟ್ಟುಕೊಳ್ಳಲು ಕಲಿತರು. ನಮ್ಮ ಮನೆಯಲ್ಲಿ ಊರಿನಿಂದ ತಂದ ಮದುವೆಯ ತಾಂಬೂಲದ ಚೀಲಗಳು ಈಗಲೂ ಇದೇ ಕೆಲಸಕ್ಕಿವೆ, ವಧೂವರರ ಹೆಸರಿನ ಸಮೇತ.

ಗ್ರಾಹಕಿಯವರ ಎರಡನೆಯ ಪ್ರಶ್ನೆಗೆ ಸಂಬಂಧಿಸಿದ ಮಾತೊಂದಿದೆ. ಇಲ್ಲಿ ಈ ಹಣ ತೆರಿಗೆಯಲ್ಲ, ಸರ್ಕಾರಕ್ಕೆ ಹೋಗುವುದಿಲ್ಲ. ಆದರೆ ದೊಡ್ಡ ಅಂಗಡಿಗಳು ಎಷ್ಟು ಚೀಲ ಮಾರಿದವು, ಬಂದ ಹಣವನ್ನು ಏನು ಮಾಡಿದವು ಎಂಬ ಲೆಕ್ಕವನ್ನು ಪ್ರತಿ ವರ್ಷ ಇಲಾಖೆಗೆ ಒಪ್ಪಿಸಬೇಕು, ಮತ್ತು ಖರ್ಚು ಕಳೆದು ಉಳಿದದ್ದನ್ನು ಒಳ್ಳೆಯ ಕೆಲಸಗಳಿಗೆ ಕೊಡಬೇಕೆಂಬುದು ಸರ್ಕಾರದ ನಿರೀಕ್ಷೆ.

ಡಬ್ಲಿನ್‌ವಾಸಿ
ರೆಡಿಂಗ್‌ನವರು ಇಂಗ್ಲೆಂಡನ್ನೇ ಮಾದರಿಯೆಂಬಂತೆ ಬರೆದಿದ್ದಾರೆ. ಆ ಸಾಲಿನಲ್ಲಿ ಇಂಗ್ಲೆಂಡ್ ಕಡೆಯದು. ವೇಲ್ಸ್ 2011ರಲ್ಲಿ, ಉತ್ತರ ಐರ್ಲೆಂಡ್ 2013ರಲ್ಲಿ, ಸ್ಕಾಟ್ಲೆಂಡ್ 2014ರಲ್ಲಿ ಶುಲ್ಕ ತಂದವು. ಇವೆಲ್ಲಕ್ಕಿಂತ ಮೊದಲು, 2002ರ ಮಾರ್ಚ್ 4ರಂದೇ ಐರ್ಲೆಂಡ್ ಗಣರಾಜ್ಯ ಚೀಲಕ್ಕೆ 15 ಸೆಂಟ್ ವಿಧಿಸಿತ್ತು. 2007ರಲ್ಲಿ ಅದು 22 ಸೆಂಟ್ ಆಯಿತು. ವರ್ಷಕ್ಕೆ ತಲೆಗೆ 328 ಚೀಲ ಬಳಸುತ್ತಿದ್ದ ದೇಶ ಕೂಡಲೇ 21ಕ್ಕೆ ಇಳಿಯಿತು. ಮತ್ತು ಇಲ್ಲಿ ಆ ಹಣ ಅಂಗಡಿಯಲ್ಲಿ ಉಳಿಯುವುದಿಲ್ಲ. ತೆರಿಗೆಯಾಗಿ ವಸೂಲಾಗಿ ಪರಿಸರದ ಕೆಲಸಗಳಿಗೆಂದೇ ಇರುವ ನಿಧಿಗೆ ಸೇರುತ್ತದೆ. ಈ ಚರ್ಚೆಯ ಶೀರ್ಷಿಕೆಯಲ್ಲಿರುವ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಇಂಗ್ಲೆಂಡಿನಲ್ಲಿಲ್ಲ.

ರೆಡಿಂಗ್ ಕನ್ನಡಿಗ, ಇಂಗ್ಲೆಂಡ್
ಇಸವಿಗಳನ್ನು ಒಪ್ಪುತ್ತೇನೆ, ಆದರೆ ನಾನು ಮಾದರಿ ಎಂದು ಎಲ್ಲೂ ಹೇಳಿಲ್ಲ. ಇಲ್ಲಿ ತೆಳು ಚೀಲ ಕಡಿಮೆಯಾದ ಹಾಗೆ ದಪ್ಪ ಪ್ಲಾಸ್ಟಿಕ್ಕಿನ "ಬ್ಯಾಗ್ ಫಾರ್ ಲೈಫ್" ಮಾರಾಟ ಏರಿತು. ಆಜೀವ ಬಳಸಿ ಎಂದು ಕೊಟ್ಟದ್ದನ್ನು ಜನ ವಾರಕ್ಕೊಂದು ಕೊಂಡರು.

ದೇವನಹಳ್ಳಿ
ವಿದೇಶದ ಕಥೆ ಸಾಕು ಸ್ವಾಮಿ. ತಳ್ಳುಗಾಡಿಯ ಸೊಪ್ಪಿನಜ್ಜಿ ಯಾವ ಇಲಾಖೆಗೆ ಲೆಕ್ಕ ಒಪ್ಪಿಸಬೇಕು?

ಧಾರವಾಡದಿಂದ
ಸೊಪ್ಪಿನಜ್ಜಿಯನ್ನು ಮುಂದೆ ಮಾಡಿ ದೊಡ್ಡ ಮಳಿಗೆಗಳಿಗೆ ರಿಯಾಯಿತಿ ಕೊಡುವುದು ಬೇಡ. ಲೆಕ್ಕ ಕೇಳಬೇಕಾದದ್ದು ಗಣಕಯಂತ್ರದಲ್ಲಿ ಬಿಲ್ ಹಾಕುವವರನ್ನು. ಅವರ ಬಳಿ ಪ್ರತಿ ಚೀಲದ ಲೆಕ್ಕವೂ ಈಗಾಗಲೇ ಇದೆ.

ಹೊಂದಿಕೊಳ್ಳುವ ವಿಷಯಕ್ಕೆ ಬಂದರೆ, ನಮ್ಮ ಕಡೆಯ ಸಂತೆಗಳಿಗೆ ಹಳ್ಳಿಯಿಂದ ಬರುವ ಹಿರಿಯರು ಯಾವ ಶುಲ್ಕದ ಹಂಗೂ ಇಲ್ಲದೆ ಚೀಲ ತರುತ್ತಾರೆ. ಜೋಳದ ಹಿಟ್ಟಿಗೆ ಒಂದು, ಕಾಯಿಪಲ್ಲೆಗೆ ಒಂದು, ಹಳೆಯ ಧೋತರ ಹೊಲಿದು ಮಾಡಿದ್ದು, ಗೊಬ್ಬರದ ಚೀಲ ತೊಳೆದು ಹಿಡಿಕೆ ಹಚ್ಚಿದ್ದು. ಹೊಂದಿಕೊಳ್ಳಬೇಕಾಗಿ ಬಂದಿರುವುದು ಕಚೇರಿಯಿಂದ ಬರುವ ದಾರಿಯಲ್ಲಿ ನೆನಪಾದದ್ದನ್ನು ಕೊಳ್ಳುವ ನಮ್ಮಂಥವರಿಗೆ. ನಾವು ಪಟ್ಟಿ ಮಾಡಿಕೊಂಡು ಸಂತೆಗೆ ಹೋಗುವವರಲ್ಲ, ಆದ್ದರಿಂದ ಚೀಲವೂ ಜೊತೆಗಿರುವುದಿಲ್ಲ.

ಮಲ್ಲೇಶ್ವರದ ಗೃಹಿಣಿ
ನನ್ನದೊಂದು ಸಣ್ಣ ತಕರಾರು. ಅಂಗಡಿಯಿಂದ ಬರುತ್ತಿದ್ದ ಉಚಿತ ಕವರನ್ನು ನಾವು ಯಾರೂ ಹಾಗೆಯೇ ಎಸೆಯುತ್ತಿರಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ಒಂದು ದೊಡ್ಡ ಕವರಿನೊಳಗೆ ಉಳಿದ ಕವರುಗಳನ್ನೆಲ್ಲ ಮಡಿಚಿಟ್ಟು, ಕಸದ ಬುಟ್ಟಿಗೆ ಹಾಸಲು, ಊರಿಗೆ ಹೋಗುವಾಗ ಒದ್ದೆ ಬಟ್ಟೆ ಸುತ್ತಲು ಬಳಸುತ್ತಿದ್ದೆವು. ಈಗ ಅದೇ ಕೆಲಸಕ್ಕೆ ಕಪ್ಪು ಕಸದ ಚೀಲದ ಸುರುಳಿಯನ್ನು ಕೊಳ್ಳುತ್ತಿದ್ದೇವೆ. ಅದೂ ಪ್ಲಾಸ್ಟಿಕ್ಕೇ ಅಲ್ಲವೇ? ಉಳಿದದ್ದೇನು?

ಕಸ ವಿಂಗಡಣೆ ಸ್ವಯಂಸೇವಕ
ಅಕ್ಕಾ, ಹಸಿ ಕಸದ ಬುಟ್ಟಿಗೆ ಪ್ಲಾಸ್ಟಿಕ್ ಹಾಸಲೇಬಾರದು. ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಕೊಟ್ಟ ಆದೇಶದಂತೆ ಬಂದ ವ್ಯವಸ್ಥೆಯೇ ಎರಡು ಡಬ್ಬ, ಒಂದು ಚೀಲ: ಹಸಿರು ಡಬ್ಬದಲ್ಲಿ ಹಸಿ ಕಸ, ಕೆಂಪು ಡಬ್ಬದಲ್ಲಿ ಡೈಪರ್, ಪ್ಯಾಡಿನಂಥ ನೈರ್ಮಲ್ಯದ ಕಸ, ಮತ್ತೆ ಮತ್ತೆ ಬಳಸುವ ಚೀಲದಲ್ಲಿ ಒಣ ಕಸ. ಡಬ್ಬದ ತಳಕ್ಕೆ ಹಳೆಯ ಪತ್ರಿಕೆ ಹಾಸಿದರೆ ಸಾಕು. ಕವರಿನಲ್ಲಿ ಗಂಟುಕಟ್ಟಿ ಕೊಟ್ಟ ಅನ್ನ, ತರಕಾರಿ ಸಿಪ್ಪೆಯನ್ನು ಪೌರಕಾರ್ಮಿಕರು ಕೈಯಿಂದ ಬಿಡಿಸಬೇಕಾಗುತ್ತದೆ. ಬಿಡಿಸದೆ ಉಳಿದದ್ದು ಬೀದಿ ದನಗಳ ಹೊಟ್ಟೆ ಸೇರುತ್ತದೆ.

ಇನ್ನೊಂದು ವಿಷಯವನ್ನು ಯಾರೂ ಎತ್ತಿಲ್ಲ. ಮಳಿಗೆಗಳು "ಬಟ್ಟೆ ಚೀಲ" ಎಂದು 10, 15 ರೂಪಾಯಿಗೆ ಮಾರುವ ಬಹುಪಾಲು ಚೀಲಗಳು ಬಟ್ಟೆಯವಲ್ಲ. ಅವು ನಾನ್-ವೋವನ್ ಚೀಲಗಳು, ಅಂದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ನೇಯದೆ ಶಾಖದಿಂದ ಒತ್ತಿ ಅಂಟಿಸಿದ ಹಾಳೆ. ಬಿಸಿಲಿನಲ್ಲಿ ಕೆಲವು ತಿಂಗಳು ಬಿದ್ದರೆ ಪುಡಿಪುಡಿಯಾಗಿ ಉದುರುತ್ತವೆ. ಒಂದು ಅಂಚಿನ ಎಳೆಯನ್ನು ಸುಟ್ಟು ನೋಡಿ: ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ, ಇದು ಕರಗಿ ಮುದ್ದೆಯಾಗುತ್ತದೆ. ಕೇಂದ್ರದ 2021ರ ತಿದ್ದುಪಡಿಯೂ ಇವನ್ನು ಪ್ಲಾಸ್ಟಿಕ್ ಚೀಲಗಳೆಂದೇ ಎಣಿಸಿ, ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ತೂಕವಿರಬಾರದು ಎಂದಿದೆ. "ಕಾಂಪೋಸ್ಟಬಲ್" ಎಂದು ಬರೆದ ಚೀಲಗಳದ್ದು ಬೇರೆ ಸಮಸ್ಯೆ. ಅವು ಕೊಳೆಯುವುದು ಹೆಚ್ಚು ಶಾಖವಿರುವ ದೊಡ್ಡ ಗೊಬ್ಬರ ಘಟಕಗಳಲ್ಲಿ. ರಾಜಕಾಲುವೆಗೆ ಬಿದ್ದರೆ ಸಾಮಾನ್ಯ ಕವರಿಗಿಂತ ಭಿನ್ನವಾಗಿ ವರ್ತಿಸುತ್ತವೆ ಎಂದು ನಂಬಬೇಡಿ.

ದೇವನಹಳ್ಳಿ
ಹಾಗಾದರೆ ಹತ್ತಿ ಚೀಲವೇ ಸರಿ ಎನ್ನಿ, ಮುಗಿಯಿತು.

ಕಸ ವಿಂಗಡಣೆ ಸ್ವಯಂಸೇವಕ
ಮುಗಿಯುವುದಿಲ್ಲ. ಹತ್ತಿ ಬೆಳೆಯಲು ನೀರು, ಗೊಬ್ಬರ, ಕೀಟನಾಶಕ ಬೇಕು. ಡೆನ್ಮಾರ್ಕಿನ ಪರಿಸರ ಸಂಸ್ಥೆ 2018ರಲ್ಲಿ ಮಾಡಿಸಿದ ಲೆಕ್ಕದ ಪ್ರಕಾರ, ಹವಾಮಾನದ ಮೇಲಿನ ಪರಿಣಾಮವೊಂದನ್ನೇ ನೋಡಿದರೂ ಹತ್ತಿಯ ಚೀಲವನ್ನು ಕನಿಷ್ಠ 52 ಸಲ ಬಳಸಿದರೆ ಮಾತ್ರ ಅದು ಪ್ಲಾಸ್ಟಿಕ್ ಚೀಲಕ್ಕೆ ಸಮವಾಗುತ್ತದೆ. ಓಜೋನ್ ಪದರದ ಹಾನಿ ಮುಂತಾದ ಎಲ್ಲ ಪರಿಣಾಮಗಳನ್ನೂ ಸೇರಿಸಿದರೆ ಆ ಸಂಖ್ಯೆ 7,100ಕ್ಕೆ ಏರುತ್ತದೆ. ಆ ಅಧ್ಯಯನ ಚರಂಡಿ ಕಟ್ಟುವುದನ್ನೂ ದನದ ಹೊಟ್ಟೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಡೆನ್ಮಾರ್ಕಿನಲ್ಲಿ ಕಸ ಬೀದಿಗೆ ಬೀಳುವುದು ಕಡಿಮೆ. ಆದರೂ ಅದರಿಂದ ತಿಳಿಯುವುದಿಷ್ಟು: ಮನೆಯಲ್ಲಿ ಮೂವತ್ತು ಹತ್ತಿ ಚೀಲ ಪೇರಿಸಿಟ್ಟವರು ಪರಿಸರಪ್ರೇಮಿಗಳಲ್ಲ, ಚೀಲಪ್ರೇಮಿಗಳು.

ಹಿಂದೆ ಬಿಲ್ಲಿಂಗ್‌ನಲ್ಲಿದ್ದವಳು
ನಾನು ಎರಡು ವರ್ಷ ಒಂದು ಮಳಿಗೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡಿದ್ದೇನೆ. ಚೀಲ ಬೇಕೇ ಎಂದು ಕಡೆಯಲ್ಲಿ ಕೇಳುವುದು ನಮ್ಮ ಇಷ್ಟವಲ್ಲ, ನಮಗೆ ಹೇಳಿಕೊಟ್ಟ ಕ್ರಮವೇ ಅದು. ಮೊದಲೇ ಕೇಳಿದರೆ ಜನ ಯೋಚಿಸುತ್ತಾರೆ, ಕೆಲವರು ಬೇಡವೆನ್ನುತ್ತಾರೆ. ಹಿಂದೆ ಸಾಲು ಬೆಳೆದು, ಸಾಮಾನೆಲ್ಲ ಮೇಜಿನ ಮೇಲೆ ಹರಡಿದಾಗ ಕೇಳಿದರೆ ಬೇಡವೆನ್ನುವವರು ವಿರಳ. ಆದರೆ ಬೈಗುಳವೆಲ್ಲ ನಮ್ಮ ಪಾಲಿಗೆ. ಸಾವಿರಾರು ರೂಪಾಯಿ ಸಾಮಾನು ಕೊಂಡವರೊಬ್ಬರು ಹತ್ತು ರೂಪಾಯಿಗಾಗಿ ಚೀಲವನ್ನು ನನ್ನ ಮುಖಕ್ಕೆ ಎಸೆದದ್ದೂ ಉಂಟು. ಬೆಲೆ ನಿಗದಿ ಮಾಡಿದವರು ಕೌಂಟರಿನಲ್ಲಿ ಕೂರುವುದಿಲ್ಲ, ದಯವಿಟ್ಟು ನೆನಪಿಡಿ.

ವಕೀಲ, ತುಮಕೂರು
ಈ ಸೋದರಿ ಹೇಳಿದ "ಕಡೆಯಲ್ಲಿ ಕೇಳುವ ಕ್ರಮ"ವೇ ಕಾನೂನಿನ ಕಣ್ಣಿಗೆ ಬಿದ್ದದ್ದು. 2020ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಬಿಗ್ ಬಜಾರ್ ಪ್ರಕರಣದಲ್ಲಿ ಕೊಟ್ಟ ಆದೇಶದ ತಿರುಳು ಹೀಗಿದೆ: ಚೀಲಕ್ಕೆ ಹಣವಿದೆ ಎಂಬುದೂ ಅದರ ಬೆಲೆಯೂ ಗ್ರಾಹಕರಿಗೆ ಆ ಅಂಗಡಿಯನ್ನು ಆರಿಸಿಕೊಳ್ಳುವ ಮೊದಲೇ ತಿಳಿದಿರಬೇಕು; ಹಣ ಪಾವತಿಸುವ ಹಂತದಲ್ಲಿ ಅದನ್ನು ಹೇರುವುದು ಅನುಚಿತ ವ್ಯಾಪಾರ ಪದ್ಧತಿ. ಸ್ವಂತ ಚೀಲವನ್ನು ಒಳಗೆ ಬಿಡದ ವಿಷಯವೂ ಅಲ್ಲಿ ಚರ್ಚೆಗೆ ಬಂದಿತ್ತು. ಇದಕ್ಕೂ ಮೊದಲು, 2019ರಲ್ಲಿ ಚಂಡೀಗಢದ ಜಿಲ್ಲಾ ವೇದಿಕೆ ಕಾಗದದ ಚೀಲಕ್ಕೆ 3 ರೂಪಾಯಿ ಪಡೆದ ಪಾದರಕ್ಷೆ ಕಂಪನಿ ಬಾಟಾಕ್ಕೆ ದಂಡ ವಿಧಿಸಿತ್ತು. ಬೆಂಗಳೂರಿನಲ್ಲಿಯೂ ನಾಗಸಂದ್ರದ ಐಕಿಯ ಮಳಿಗೆ 20 ರೂಪಾಯಿಯ ಚೀಲದ ಸಲುವಾಗಿ ಪರಿಹಾರ ಮತ್ತು ದಾವೆಯ ಖರ್ಚು ಸೇರಿ 3,000 ರೂಪಾಯಿ ಕೊಡಬೇಕೆಂದು 2023ರಲ್ಲಿ ಗ್ರಾಹಕ ಆಯೋಗ ಆದೇಶಿಸಿತು. ಇಂಥ ಪ್ರಕರಣಗಳಲ್ಲಿ ವಾದಕ್ಕೆ ಆಧಾರವಾಗುವುದು 1930ರ ಸರಕು ಮಾರಾಟ ಕಾಯ್ದೆಯ 36ನೇ ಕಲಮಿನ 5ನೇ ಉಪಕಲಮು: ಬೇರೆ ಒಪ್ಪಂದ ಇಲ್ಲದಿದ್ದರೆ, ಸರಕನ್ನು ಒಪ್ಪಿಸಲು ಸಿದ್ಧವಾದ ಸ್ಥಿತಿಗೆ ತರುವ ಖರ್ಚು ಮಾರುವವನದು.

ಮಂಡ್ಯದ ಮೇಷ್ಟ್ರು
ಇಪ್ಪತ್ತು ರೂಪಾಯಿಗೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವವರು ಯಾರು, ವಕೀಲರೇ? ನಿಮ್ಮ ಶುಲ್ಕವೇ ಅದರ ನೂರು ಪಟ್ಟು.

ವಕೀಲ, ತುಮಕೂರು
ಮೇಷ್ಟ್ರೇ, ಗ್ರಾಹಕ ಆಯೋಗದಲ್ಲಿ ವಕೀಲರಿಲ್ಲದೆಯೇ ವಾದಿಸಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ. ಅಷ್ಟೂ ಬೇಡವೆಂದರೆ 1915 ಎಂಬ ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಿ.

ಜಯನಗರದ ಗ್ರಾಹಕಿ
ಆದರೆ ಈ ಆದೇಶಗಳಿಂದ ಮಳಿಗೆಗಳು ಕಲಿತದ್ದು ಏನು? ಬಾಗಿಲಲ್ಲಿ ಸಣ್ಣ ಅಕ್ಷರದ ಒಂದು ಫಲಕ ನೇತುಹಾಕಿದರು, ಅಷ್ಟೇ. ಹಣ ಮಾತ್ರ ಮೊದಲಿನಂತೆಯೇ ಅವರ ಬಳಿ ಉಳಿಯುತ್ತದೆ. ಡಬ್ಲಿನ್‌ನವರ ಮಾತು ನನಗೆ ಹೆಚ್ಚು ಹಿಡಿಸಿತು. ಪರಿಸರದ ಹೆಸರಿನಲ್ಲಿ ವಸೂಲಾದ ಹಣ ಪರಿಸರಕ್ಕೆ ಹೋಗಬೇಕು. ವ್ಯಾಪಾರದ ಹೆಸರಿನಲ್ಲಿ ವಸೂಲಾದರೆ ಅದನ್ನು ವ್ಯಾಪಾರವೆಂದೇ ಕರೆಯಲಿ, "ಭೂಮಿಯನ್ನು ಉಳಿಸಿ" ಎಂದು ಚೀಲದ ಮೇಲೆ ಅಚ್ಚು ಹಾಕಿಸುವುದು ಬೇಡ.

ಚೆನ್ನೈನಲ್ಲಿರುವ ಕನ್ನಡಿಗ
ಇಲ್ಲಿ 2019ರ ಜನವರಿಯಿಂದ ನಿಷೇಧವಿದೆ, ಆದರೂ ಕವರು ಪೂರ್ತಿ ಹೋಗಿಲ್ಲ. 2021ರ ಡಿಸೆಂಬರಿನಲ್ಲಿ ಸರ್ಕಾರ ಹಳೆಯ ಹಳದಿ ಕೈಚೀಲವನ್ನೇ ಮತ್ತೆ ಬಳಕೆಗೆ ತರುವ ಯೋಜನೆ ಆರಂಭಿಸಿತು. ಹಿಂದೆ ಜವಳಿ ಅಂಗಡಿಗಳಲ್ಲಿ ಕೊಡುತ್ತಿದ್ದ ಹಳದಿ ಚೀಲ, "ಮಂಜಪ್ಪೈ". ಕೋಯಂಬೇಡು ಮಾರುಕಟ್ಟೆಯಲ್ಲಿ 10 ರೂಪಾಯಿ ಹಾಕಿದರೆ ಬಟ್ಟೆ ಚೀಲ ಕೊಡುವ ಯಂತ್ರವನ್ನೂ ಇಟ್ಟರು. ಬೆಲೆ ಅಷ್ಟೇ, ಆದರೆ ಸಿಗುವುದು ನಿಜವಾದ ಬಟ್ಟೆ.

ಕಿರಾಣಿ ಅಂಗಡಿ, ಹಾಸನ
ಇದನ್ನೆಲ್ಲ ಓದಿ ಒಂದು ಯೋಚನೆ ಹೊಳೆದಿದೆ, ಬಲ್ಲವರು ತಿದ್ದಿ. ಹೊಲಿಸಿದ ಗಟ್ಟಿ ಬಟ್ಟೆ ಚೀಲವನ್ನು ಗಿರಾಕಿಗೆ ಮಾರುವ ಬದಲು ಠೇವಣಿಗೆ ಕೊಟ್ಟರೆ ಹೇಗೆ? ಹಿಂದೆ ಸೋಡಾ ಬಾಟಲಿಗೆ ಮಾಡುತ್ತಿದ್ದಂತೆ, ಚೀಲ ಮರಳಿಸಿದ ದಿನ ಪೂರ್ತಿ ಹಣ ವಾಪಸ್. ಆಗ ನನಗೆ ಲಾಭವೂ ಇಲ್ಲ, ಗಿರಾಕಿಗೆ ಸಿಟ್ಟೂ ಇಲ್ಲ. ನಮ್ಮ ಬೀದಿಯ ನಾಲ್ಕೈದು ಅಂಗಡಿಯವರು ಒಪ್ಪಿದರೆ ಒಬ್ಬರ ಚೀಲವನ್ನು ಇನ್ನೊಬ್ಬರೂ ವಾಪಸ್ ಪಡೆಯಬಹುದು. ಚೀಲದ ಮೇಲೆ ಯಾರ ಹೆಸರನ್ನೂ ಹಾಕುವುದು ಬೇಡ.

ಧಾರವಾಡದಿಂದ
ಬಹಳ ಒಳ್ಳೆಯ ಯೋಚನೆ. ಠೇವಣಿ ಕಡಿಮೆಯಿಟ್ಟರೆ ಮಾತ್ರ ಯಾರೂ ಮರಳಿಸುವುದಿಲ್ಲ, ಐವತ್ತು ರೂಪಾಯಿಯಾದರೂ ಇರಲಿ.

ಮಲ್ಲೇಶ್ವರದ ಗೃಹಿಣಿ
ಐವತ್ತಾದರೆ ನಾನು ಮರಳಿಸುತ್ತೇನೆ. ಆದರೆ ಒಬ್ಬರು ಒಣಮೀನು ತಂದ ಚೀಲದಲ್ಲಿ ಇನ್ನೊಬ್ಬರು ಸಕ್ಕರೆ ತೆಗೆದುಕೊಂಡು ಹೋಗುತ್ತಾರೆಯೇ? ವಾಪಸ್ ಬಂದದ್ದನ್ನು ಒಗೆಯುವವರು ಯಾರು?

ಕಿರಾಣಿ ಅಂಗಡಿ, ಹಾಸನ
ಒಗೆದು ತಂದರೆ ಐವತ್ತು, ಒಗೆಯದೆ ತಂದರೆ ನಲವತ್ತೈದು. ಒಣಮೀನಿನ ಗಿರಾಕಿಗೆ ಬೇರೆ ಬಣ್ಣದ ಚೀಲ. ಬಟ್ಟೆಯ ಬೆಲೆ ಹೊಲಿಗೆಯವರನ್ನು ಕೇಳಿ ಬಂದು ಇಲ್ಲಿಯೇ ಬರೆಯುತ್ತೇನೆ.